ಬಾಗಿಲ ಕೆಳಗಿನ ಸಂದು

ಮೀಟರಿನ ಗಾಜಿನ ಮೇಲಿನ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿ ಅವನು ಅಂಕಿ ಓದಿದ. ಓದಿದ್ದು ಕಣ್ಣಿನಿಂದ ಪುಸ್ತಕಕ್ಕೆ ಇಳಿಯುವಷ್ಟರಲ್ಲಿ ಮರೆತುಹೋಯಿತು. ಮತ್ತೆ ಬಗ್ಗಿದ, ಮತ್ತೆ ಓದಿದ, ಈ ಸಲ ಮಗ್ಗಿ ಹೇಳುವ ಹುಡುಗನ ಹಾಗೆ ಗಟ್ಟಿಯಾಗಿ ಹೇಳಿಕೊಳ್ಳುತ್ತಲೇ ಬರೆದ. ಇಪ್ಪತ್ತೊಂಬತ್ತು ವರ್ಷ ಮನೆಮನೆ ಸುತ್ತಿ ನೀರಿನ ಮೀಟರು ಓದಿದವನಿಗೆ ಇದು ಹೊಸ ಅವಮಾನ. ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ಮನೆಯಾಕೆ "ಏನ್ರೀ, ಜಾಸ್ತಿ ಬಂದಿದೆಯಾ?" ಎಂದಳು. "ಇಲ್ಲಮ್ಮ, ಕಣ್ಣು ಸ್ವಲ್ಪ ಮಂಜು" ಎಂದು ಎದ್ದ. ಎದ್ದಾಗ ಹೆಗಲ ಚೀಲ ಜಾರಿ ಮೊಣಕೈಗೆ ಬಂತು. ಅದರೊಳಗೆ ಊಟದ ಡಬ್ಬಿಗೂ ರೀಡಿಂಗ್ ಪುಸ್ತಕಕ್ಕೂ ನಡುವೆ ಕಂದು ಬಣ್ಣದ ಲಕೋಟೆಯೊಂದು ಬೆಳಗಿನಿಂದ ಕೂತಿತ್ತು. ಅಣ್ಣನ ಹೆಸರಿಗೆ ಕೋರ್ಟಿನಿಂದ ಹೊರಟ ಲಕೋಟೆ. ಮೂರನೆಯ ಸಲ ವಾಪಸು ಬಂದಿತ್ತು. ಅದರ ಬೆನ್ನ ಮೇಲೆ, ನೋಟಿಸು ಮುಟ್ಟಿಸುವ ಕೋರ್ಟಿನ ಅಮೀನ ನೀಲಿ ಶಾಯಿಯಲ್ಲಿ ಮೂರು ತಾರೀಕು ಹಾಕಿ, ಮೂರರ ಮುಂದೆಯೂ ಒಂದೇ ಮಾತು ಬರೆದಿದ್ದ: ಬಾಗಿಲು ಹಾಕಿತ್ತು.

ಆ ಎರಡು ಪದಗಳನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ದಿನಕ್ಕೆ ಹತ್ತು ಸಲವಾದರೂ ಅವನು ಅದನ್ನೇ ಬರೆಯುತ್ತಾನೆ. ಮಂಡಿನೋವು ಶುರುವಾದ ಮೇಲಂತೂ ಮೀಟರು ಮೇಲಿನ ಮಹಡಿಯಲ್ಲಿದ್ದರೆ ಹತ್ತುವುದನ್ನೇ ಬಿಟ್ಟಿದ್ದ. ಕೆಳಗೆ ನಿಂತೇ ಹಿಂದಿನ ತಿಂಗಳ ಅಂಕಿಗೆ ಒಂದು ಅಂದಾಜು ಸೇರಿಸಿ, ಪಕ್ಕದಲ್ಲಿ ಬಾಗಿಲು ಹಾಕಿತ್ತು ಎಂದು ಗೀಚಿ ಮುಂದಿನ ಮನೆಗೆ ಹೋಗುತ್ತಿದ್ದ. ಒಂದು ಸಲ ಹಾಗೆ ಗೀಚುತ್ತಿರುವಾಗಲೇ ಮೇಲಿನಿಂದ ಮುದುಕರೊಬ್ಬರು "ಇದ್ದೀನಪ್ಪಾ, ಇದ್ದೀನಿ, ಬಾಗಿಲು ತೆಗೆದೇ ಇದೆ, ಬಾ" ಎಂದು ಕೂಗಿದ್ದರು. ಕೇಳಿಸದವನ ಹಾಗೆ ತಲೆ ತಗ್ಗಿಸಿ ನಡೆದುಬಿಟ್ಟಿದ್ದ. ಆ ದನಿಯಲ್ಲಿ ಮೀಟರಿನ ಕಾಳಜಿ ಇರಲಿಲ್ಲ, ಯಾರೋ ಒಬ್ಬರು ಹತ್ತಿ ಬರಲಿ ಅನ್ನುವ ಆಸೆಯಿತ್ತು ಎಂದು ಅವನಿಗೆ ಆಗಲೇ ಗೊತ್ತಾಗಿತ್ತು. ಈಗ ಅಮೀನನ ಮೇಲೆ ಸಿಟ್ಟು ಮಾಡಿಕೊಳ್ಳಲು ಹೊರಟರೆ ಆ ಮುದುಕರು ನೆನಪಾಗುತ್ತಾರೆ, ಸಿಟ್ಟು ಬಾಯಿಯವರೆಗೆ ಬಂದು ಎಂಜಲಿನ ಜೊತೆ ಒಳಗೆ ಹೋಗುತ್ತದೆ.

ಮಧ್ಯಾಹ್ನದ ಮೇಲೆ ಅರ್ಧ ದಿನ ರಜೆ ಬರೆದುಕೊಟ್ಟು ಕೋರ್ಟಿಗೆ ಹೋದ. ಕೌಂಟರಿನ ಹೆಂಗಸು ಅವನನ್ನು ನೋಡಿದ ಕೂಡಲೇ "ವಕೀಲರಿಲ್ಲದವರು ಬಂದ್ರು" ಎಂದು ಪಕ್ಕದವಳಿಗೆ ಹೇಳಿದಳು. ಹೀಯಾಳಿಸಿ ಅಂದದ್ದಲ್ಲ, ಗುರುತಿಗೆ ಅಂದದ್ದು; ಅದಕ್ಕೇ ಹೆಚ್ಚು ನಾಟಿತು. ಅವನು ಕಂಡ ಒಬ್ಬನೇ ವಕೀಲ, ಅಣ್ಣತಮ್ಮಂದಿರ ಜಗಳಕ್ಕೆ ನಾನು ಕೈಹಾಕಲ್ಲ, ಕೂತು ಮಾತಾಡಿ ಬಗೆಹರಿಸಿಕೊಳ್ಳಿ ಎಂದು ಕಳಿಸಿದ್ದ. ಕೂತು ಮಾತಾಡಲು ಅಣ್ಣ ಸಿಗಬೇಕಲ್ಲ. ಅರ್ಜಿಯನ್ನು ತಾನೇ ಬರೆದ. ಎದುರುದಾರರು ಎಂಬ ಕಡೆ 'ಅಣ್ಣ' ಎಂದಷ್ಟೇ ತುಂಬಿಸಿದ್ದ. "ಅಣ್ಣ ಅಂದ್ರೆ ಯಾರ ಅಣ್ಣ ಅಂತ ತಿಳ್ಕೋಬೇಕು ನಾವು? ಇಲ್ಲಿ ಬರೋರಿಗೆಲ್ಲ ಒಬ್ಬೊಬ್ಬ ಅಣ್ಣ ಇರ್ತಾನೆ" ಎಂದು ಇದೇ ಹೆಂಗಸು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದಳು. ಪೂರ್ತಿ ಹೆಸರು ಬರೆಯುವಾಗ ಅವನಿಗೆ ಅಣ್ಣನನ್ನು ಯಾವತ್ತೂ ಹೆಸರು ಹಿಡಿದು ಕರೆದೇ ಇಲ್ಲವೆಂಬುದು ಹೊಳೆದು, ಕಾಗುಣಿತದಲ್ಲಿ ತಪ್ಪು ಮಾಡಿದ್ದ.

ಇವತ್ತು ಆಕೆ ಲಕೋಟೆಯ ಬೆನ್ನು ನೋಡಿ ನಾಲಿಗೆ ಲೊಚಗುಟ್ಟಿದಳು. "ಇನ್ನು ನಮ್ಮ ಅಮೀನರು ಹೋಗಲ್ಲ. ಬೇಕಾದ್ರೆ ನೀವೇ ಕೈಯಾರೆ ಕೊಡೋಕೆ ಅಪ್ಪಣೆ ಹಾಕಿಸಿಕೊಡ್ತೀನಿ. ಅವರ ಕೈಗೆ ಕೊಟ್ಟು, ಈ ಚೀಟಿ ಮೇಲೆ ಸಹಿ ತಗೊಂಡು ಬನ್ನಿ."

"ಅವನು ಬಾಗಿಲೇ ತೆಗೆಯಲ್ಲ ಮೇಡಂ."

"ಹಂಗಾದ್ರೆ ಬಾಗಿಲಿಗೆ ಅಂಟಿಸಿ. ಅಕ್ಕಪಕ್ಕದವರು ಇಬ್ಬರು ನೋಡಿದ್ವಿ ಅಂತ ಸಹಿ ಹಾಕ್ಬೇಕು. ಹತ್ತೊಂಬತ್ತನೇ ತಾರೀಕಿನೊಳಗೆ."

"ಆಗಲಿಲ್ಲ ಅಂದ್ರೆ?"

"ಆಗಲಿಲ್ಲ ಅಂದ್ರೆ ಮೊದಲಿಂದ" ಎಂದಳು, ಬಸ್ಸು ತಪ್ಪಿದರೆ ಇನ್ನೊಂದು ಬರುತ್ತೆ ಅನ್ನುವ ಹಾಗೆ.

ಮೊದಲು ಅಂದರೆ ಎಲ್ಲಿಂದ? ನಾಲ್ಕು ವರ್ಷದ ಹಿಂದೆ, ಅಮ್ಮ ತೀರಿಕೊಂಡು ಬಂದವರೆಲ್ಲ ಹೋದ ಮೇಲೆ, ಮೂವರು ಮಕ್ಕಳು ಊಟದ ಮೇಜಿನ ಸುತ್ತ ಕೂತಿದ್ದಾಗಿನಿಂದಲೇ? ಮೂವರಲ್ಲಿ ಕೊನೆಯವಳು ಬೇಬಿ. ಐವತ್ತು ತುಂಬಿದರೂ ಬೇಬಿ. ಬುದ್ಧಿ ನಾಲ್ಕೈದು ವರ್ಷದ ಹತ್ತಿರ ಎಲ್ಲೋ ನಿಂತುಹೋಗಿತ್ತು. ಅಣ್ಣ ಔಷಧಿ ಅಂಗಡಿಯಲ್ಲಿ ಕಂಪೌಂಡರ್ ಆಗಿದ್ದವನು, ಮದುವೆಯಾಗದವನು, ಮೊದಲಿನಿಂದ ಅಮ್ಮನ ಜೊತೆ ಬೇಬಿಯ ಜೊತೆ ಇದ್ದವನು. ಆವತ್ತು ಅಣ್ಣ ಕೇಳಿದ್ದು ಒಂದೇ ಮಾತು: "ನೀನೂ ಒಂದಷ್ಟು ದಿನ ಇಟ್ಕೊಳ್ತೀಯೇನೋ ಇವಳನ್ನ?" ಅವನ ಹೆಂಡತಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿಬಿಟ್ಟಳು. ಅವನು ಗೋಡೆಯ ಕ್ಯಾಲೆಂಡರ್ ನೋಡಿದ. ಎಷ್ಟೋ ಹೊತ್ತು ನೋಡಿದ, ಅದರಲ್ಲಿ ಉತ್ತರ ಅಚ್ಚು ಹಾಕಿದ್ದಾರೇನೋ ಎಂಬಂತೆ. ಅಣ್ಣ ಮತ್ತೆ ಕೇಳಲಿಲ್ಲ. ಮುಂದಿನ ವಾರ ಅಣ್ಣನೇ ಬೇಬಿಯ ಪೋಷಕ ಎಂಬ ಕಾಗದ ಬಂದಾಗ ಓದದೆಯೇ ಸಹಿ ಹಾಕಿದ. ಸಹಿ ಹಾಕಿದ ಮೇಲೆ ಹಸಿವಾಯಿತು, ಹೊಟ್ಟೆ ತುಂಬ ಉಂಡ. ಅದೊಂದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಆಮೇಲೆ ಎರಡು ವರ್ಷ ಆಗಾಗ ಹೋಗುತ್ತಿದ್ದ. ಬಿಸ್ಕೆಟ್ ಪೊಟ್ಟಣ ಒಯ್ಯುತ್ತಿದ್ದ. ಹೊರಡುವಾಗ ಬೇಬಿ ಅಂಗಿಯ ತೋಳು ಹಿಡಿದುಕೊಂಡರೆ "ಮುಂದಿನ ಭಾನುವಾರ ಬರ್ತೀನಿ ಕಣೆ" ಎಂದು ಒಂದೊಂದೇ ಬೆರಳು ಬಿಡಿಸುತ್ತಿದ್ದ. ಒಂದು ದಿನ ಅಣ್ಣ ಫೋನ್ ಮಾಡಿ, ಅವಳನ್ನು ಅಂಥವರನ್ನು ನೋಡಿಕೊಳ್ಳುವ ಕಡೆ ಸೇರಿಸಿದ್ದೀನಿ, ದೂರ, ಎಲ್ಲಿ ಅಂತ ಕೇಳಬೇಡ, ಯಾರೂ ಬಂದು ನೋಡಬಾರದಂತೆ ಅಂದ. ಅಂದವನು ಮನೆ ಬದಲಾಯಿಸಿದ, ನಂಬರು ಬದಲಾಯಿಸಿದ. ಮೊದಲ ತಿಂಗಳು ಅವನಿಗೆ ಹಗುರವಾಯಿತು. ಎರಡನೆಯ ತಿಂಗಳು ಒಂದು ಬೆಳಿಗ್ಗೆ ಅಂಗಿ ಹಾಕಿಕೊಳ್ಳುವಾಗ ತೋಳಿನ ಮೇಲೆ ಆ ಬೆರಳುಗಳು ಇದ್ದ ಹಾಗಾಯಿತು. ಅಲ್ಲಿಂದ ಹುಡುಕಲು ಶುರುಮಾಡಿದವನು ಸುತ್ತಮುತ್ತಲಿನ ಆರೈಕೆ ಕೇಂದ್ರಗಳನ್ನೆಲ್ಲ ಒಂದೂವರೆ ವರ್ಷ ಸುತ್ತಿದ. ಒಂದೊಂದು ಕಡೆಯೂ ಬೇರೆ ಯಾರದೋ ತಂಗಿಯರು ಗೇಟಿನ ಹತ್ತಿರ ಬಂದು ಅವನ ಮುಖ ನೋಡಿ, ಅಲ್ಲ ಎಂದು ತಿಳಿದು ಹಿಂದಕ್ಕೆ ಹೋದರು. ಕೊನೆಗೆ ಕೋರ್ಟಿಗೆ ಬರೆದ: ನನ್ನ ತಂಗಿ ಎಲ್ಲಿದ್ದಾಳೆಂದು ನನ್ನ ಅಣ್ಣ ಹೇಳುವಂತೆ ಆಜ್ಞೆಯಾಗಬೇಕು.

ಅಣ್ಣನ ಹೊಸ ವಿಳಾಸ ಸಿಕ್ಕಿದ್ದು ಕಚೇರಿಯ ರಿಜಿಸ್ಟರಿನಲ್ಲಿ. ಬೇರೆ ವಾರ್ಡಿನ ಪುಸ್ತಕ ತೆಗೆದು ನೋಡುವುದು ತಪ್ಪು. ಮೇಲಿನವರು ಊಟಕ್ಕೆ ಹೋದಾಗ ಕಳ್ಳನಂತೆ ತೆಗೆದು ನೋಡಿದ. ನಾಲ್ಕನೆಯ ಮಹಡಿ. ಹೆಸರಿನ ಮುಂದೆ ತಿಂಗಳು ತಿಂಗಳ ಅಂಕಿಗಳು. ಒಬ್ಬಂಟಿ ಮುದುಕನಿಗೆ ಇಷ್ಟೊಂದು ನೀರು ಯಾಕೆ ಎಂದು ಅಭ್ಯಾಸದ ಕಣ್ಣು ಒಂದು ಗಳಿಗೆ ನಿಂತಿತು. ನಲ್ಲಿ ಸೋರುತ್ತಿರಬೇಕು ಅಂದುಕೊಂಡು ಪುಸ್ತಕ ಮುಚ್ಚಿದ.

ಹತ್ತೊಂಬತ್ತಕ್ಕೆ ಎಂಟು ದಿನ ಉಳಿದಿತ್ತು. ಮೊದಲ ದಿನ ಬೆಳಿಗ್ಗೆ ಹೋಗಿ ಗಂಟೆ ಒತ್ತಿದ. ಗಂಟೆ ಸತ್ತಿತ್ತು. ಬಾಗಿಲು ತಟ್ಟಿದ. ಎದುರು ಮನೆಯ ಹೆಂಗಸು ಸರಪಳಿಯಷ್ಟು ಬಾಗಿಲು ತೆರೆದು "ನಮಗೆ ಏನೂ ಬೇಡಪ್ಪ, ಮಾರೋರು ಬರಬಾರದು ಅಂತ ಕೆಳಗೆ ಬರೆದಿದೆ" ಎಂದಳು. ತಾನು ಮಾರುವವನಲ್ಲ, ಎದುರು ಮನೆಯವರ ತಮ್ಮ ಎಂದ. ಆಕೆ ಅವನನ್ನು ಮೇಲಿನಿಂದ ಕೆಳಗೆ ನೋಡಿ "ಅವರಿಗೆ ಯಾರೂ ಇಲ್ಲ ಅಂದಿದ್ರು" ಎಂದು ಬಾಗಿಲು ಮುಚ್ಚಿದಳು. ಎರಡನೆಯ ದಿನ ಸಂಜೆ ಹೋದ. ಮೆಟ್ಟಿಲು ಹತ್ತುವಾಗ ಮೇಲೆಲ್ಲೋ ರೇಡಿಯೋ ಕೇಳುತ್ತಿತ್ತು; ಅವನ ಕಾಲ ಸದ್ದು ಮೂರನೆಯ ಮಹಡಿ ತಲುಪುವಷ್ಟರಲ್ಲಿ ನಿಂತುಹೋಯಿತು. ಅರ್ಧ ಗಂಟೆ ತಟ್ಟಿದ. ಅಂಟು, ಕಾಗದ ತಂದಿದ್ದ; ಸಾಕ್ಷಿಗೆ ಸಹಿ ಹಾಕಿ ಎಂದು ಆ ಹೆಂಗಸನ್ನೂ, ಕೆಳಗಿನ ಮನೆಯ ದರ್ಜಿಯನ್ನೂ ಕೇಳಿದ. ದರ್ಜಿ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ತಲೆಯಾಡಿಸಿ ಬೇಡ ಎಂದ, ಬಾಯಿ ಬಿಟ್ಟರೆ ಎಲ್ಲಿ ಮಾತು ಕೊಡಬೇಕಾಗುತ್ತದೋ ಎಂದು. ಹೆಂಗಸು ಸರಪಳಿಯ ಹಿಂದಿನಿಂದ "ಪಾಪದ ಮನುಷ್ಯ ಅವರು. ನನ್ನ ಗಂಡನಿಗೆ ಜ್ವರ ಬಂದಾಗ ರಾತ್ರಿ ಹೊತ್ತಲ್ಲೂ ಬಂದು ನೋಡಿದ್ದಾರೆ. ಅವರ ಬಾಗಿಲಿಗೆ ಅಂಟಿಸೋಕೆ ನಾನು ಸಹಿ ಹಾಕಲ್ಲ" ಎಂದಳು. ಅಣ್ಣನ ಒಳ್ಳೆಯತನದ ಸುದ್ದಿ ಇಲ್ಲಿ, ಈ ಮೆಟ್ಟಿಲ ಮೇಲೆ, ಅಪರಿಚಿತಳ ಬಾಯಿಂದ ಕೇಳಬೇಕಾಯಿತು.

ಮೂರನೆಯ ಸಲ, ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಅವನು ಯೂನಿಫಾರ್ಮು ಹಾಕಿಕೊಂಡು ಹೋದ. ಖಾಕಿ ಅಂಗಿ, ಎದೆಯ ಮೇಲೆ ಇಲಾಖೆಯ ಬಿಲ್ಲೆ. ಕನ್ನಡಿಯಲ್ಲಿ ನೋಡಿಕೊಂಡಾಗ ನಾಚಿಕೆಯಾಯಿತು. ಸ್ವಂತ ಅಣ್ಣನ ಮನೆಗೆ ವೇಷ ಹಾಕಿಕೊಂಡು ಹೊರಟವನು. ಅದರಲ್ಲೂ ತನ್ನದೇ ವೇಷ. ನಾಲ್ಕು ಮಹಡಿ ಹತ್ತಿ, ಉಸಿರು ಹಿಡಿತಕ್ಕೆ ಬರಲೆಂದು ಕಾದು, ಬಾಗಿಲನ್ನು ಬೆರಳ ಗೆಣ್ಣಿನಿಂದ ಟಕಟಕ ಬಡಿದು, ಇಪ್ಪತ್ತೊಂಬತ್ತು ವರ್ಷದ ಅಭ್ಯಾಸದ ದನಿಯಲ್ಲಿ ಕೂಗಿದ: "ನೀರಿನ ಮೀಟರು!"

ಒಳಗೆ ಕುರ್ಚಿ ಸರಿದ ಸದ್ದು. "ಮೀಟರು ಕೆಳಗಿದೆ."

"ಮೇಲಿನ ಪೈಪು ನೋಡ್ಬೇಕು ಸಾರ್."

"ಪೈಪು ನೋಡೋದು ನಿನ್ನ ಕೆಲಸ ಅಲ್ವಲ್ಲೋ" ಎಂದಿತು ದನಿ. "ಅದಕ್ಕೆ ಬೇರೆಯವರಿದ್ದಾರೆ. ಇನ್ನೂ ಸುಳ್ಳು ಹೇಳೋಕೆ ಬರಲ್ವಲ್ಲ ನಿನಗೆ."

ಎಂಟನೆಯ ವಯಸ್ಸಿನಲ್ಲಿ ಮಾರ್ಕ್ಸ್ ಕಾರ್ಡಿನ ಮೇಲೆ ಅಪ್ಪನ ಸಹಿಯನ್ನು ತಾನೇ ಹಾಕಿ ಸಿಕ್ಕಿಬಿದ್ದಾಗ ಇದೇ ದನಿ ಇದೇ ಬೇಸರದಲ್ಲಿ, 'ಅಪ್ಪ ಸಹಿ ಕೆಳಗೆ ಗೆರೆ ಎಳೆಯಲ್ಲ ಕಣೋ' ಎಂದಿತ್ತು; ಆಮೇಲೆ ಅಣ್ಣನೇ ಅದನ್ನು ಅಳಿಸಿ ಸರಿಯಾಗಿ ಹಾಕಿಕೊಟ್ಟಿದ್ದ. ಬಾಗಿಲಿಗೆ ಹಣೆ ಒತ್ತಿದ. ಬಣ್ಣ ತಣ್ಣಗಿತ್ತು.

"ಅಣ್ಣ, ಬಾಗಿಲು ತೆಗಿ."

"ಯಾಕೆ?"

"ಒಂದು ಕಾಗದ ಇದೆ."

"ಗೊತ್ತು. ಮೂರು ಸಲ ಬಂದಿತ್ತು."

"ಮನೇಲೇ ಇದ್ದು ಯಾಕೆ ತಗೊಳ್ಳಲಿಲ್ಲ?"

"ತಗೊಂಡ್ರೆ ಉತ್ತರ ಕೊಡ್ಬೇಕಲ್ಲ."

"ಬೇಬಿ ಎಲ್ಲಿದ್ದಾಳೆ? ಅಷ್ಟು ಹೇಳಿಬಿಡು, ಕಾಗದ ಇಲ್ಲೇ ಹರಿದು ಹಾಕ್ತೀನಿ."

ಎದುರು ಮನೆಯ ಸರಪಳಿ ಸಣ್ಣಗೆ ಅಲುಗಾಡಿತು.

"ಚೆನ್ನಾಗಿದ್ದಾಳೆ. ಹೊತ್ತಿಗೆ ಸರಿಯಾಗಿ ತಿಂತಾಳೆ, ಮಲಗ್ತಾಳೆ. ಇಷ್ಟು ಸಾಕಲ್ವಾ ನಿನಗೆ?"

"ಸಾಕಾಗಲ್ಲ. ಒಡಹುಟ್ಟಿದ ತಂಗಿ ಅವಳು."

ಅಣ್ಣ ಕೆಮ್ಮಿದ. ಅಥವಾ ನಕ್ಕ, ಅಣ್ಣನ ನಗುವಿಗೂ ಕೆಮ್ಮಿಗೂ ಈಗ ಗಡಿ ಉಳಿದಿರಲಿಲ್ಲ. "ನೀನು ಬಂದು ಹೋದ್ಮೇಲೆ ಏನಾಗ್ತಿತ್ತು ಅಂತ ಯಾವತ್ತಾದ್ರೂ ಕೇಳಿದ್ಯಾ? ಮುಂದಿನ ಭಾನುವಾರ ಬರ್ತೀನಿ ಅಂತಿದ್ದೆ. ಅವಳಿಗೆ ಭಾನುವಾರ ಯಾವುದು ಸೋಮವಾರ ಯಾವುದು ಹೇಳು. ಅವತ್ತೇ ಸಾಯಂಕಾಲ ಚಪ್ಪಲಿ ಹಾಕ್ಕೊಂಡು ಬಾಗಿಲ ಹತ್ರ ನಿಂತುಬಿಡೋಳು. ಊಟಕ್ಕೆ ಕರೆದ್ರೆ ಬರಲ್ಲ. ನಿಂತಲ್ಲೇ ಬಟ್ಟೆ ಒದ್ದೆ ಮಾಡ್ಕೊಳ್ಳೋಳು. ಹತ್ತು ದಿನ, ಹನ್ನೆರಡು ದಿನ. ಕಾಲು ಬಾತುಕೊಂಡು ಚಪ್ಪಲಿ ಬಿಚ್ಚೋಕೇ ಬರ್ತಿರಲಿಲ್ಲ, ಕತ್ತರೀಲಿ ಕತ್ತರಿಸಿದ್ದೀನಿ. ಅವಳು ಮರೆಯೋ ಹೊತ್ತಿಗೆ ಸರಿಯಾಗಿ ನೀನು ಮತ್ತೆ ಬಿಸ್ಕೆಟ್ ಹಿಡ್ಕೊಂಡು ಬರ್ತಿದ್ದೆ."

ಆ ಭಾನುವಾರಗಳಲ್ಲಿ ತಾನು ಮನೆಯಲ್ಲೇ ಇರುತ್ತಿದ್ದೆ ಎಂದು ಹೇಳಬೇಕೇ? ಮಧ್ಯಾಹ್ನ ಉಂಡು ಮಲಗಿ, ಎದ್ದು, ಇವತ್ತು ಹೊತ್ತಾಯಿತು ಎಂದು ಹೆಂಡತಿಗೆ ಕೇಳುವಂತೆ ಹೇಳಿ, ಆಕೆ ಹೌದು ಎಂದರೆ ಸಮಾಧಾನಪಡುತ್ತಿದ್ದೆ ಎಂದೇ? ಯಾರೋ ತನಗಾಗಿ ನಿಂತೇ ಇದ್ದಾರೆ ಎನ್ನುವುದು ಅವನ ಊಹೆಯಲ್ಲೇ ಇರಲಿಲ್ಲ. ಅವಳಿಗೆ ನೆನಪು ಎಲ್ಲಿ ಉಳಿಯುತ್ತದೆ ಎಂದುಕೊಂಡಿದ್ದ. ಹಾಗೆ ಅಂದುಕೊಳ್ಳುವುದರಲ್ಲಿ ಎಷ್ಟು ಅನುಕೂಲವಿತ್ತು ಎಂಬುದು ಈಗ, ಬಾಗಿಲ ಮುಂದೆ ನೆಲದ ಮೇಲೆ ಕೂತಾಗ, ತಿಳಿಯಿತು. ಆದರೂ ಕೈ ಚೀಲಕ್ಕೆ ಹೋಯಿತು. ಇಷ್ಟು ದೂರ ಬಂದಾಗಿದೆ. ಬರಿಗೈಲಿ ಇಳಿದರೆ ಮೊದಲಿಂದ. ನೋಟಿಸನ್ನೂ ಸಹಿಯ ಚೀಟಿಯನ್ನೂ ಬಾಗಿಲ ಕೆಳಗಿನ ಸಂದಿನಲ್ಲಿ ಒಳಗೆ ತಳ್ಳಿದ.

"ಓದು. ನಾನು ಬೇರೆ ಏನೂ ಕೇಳಿಲ್ಲ. ಎಲ್ಲಿದ್ದಾಳೆ ಅಂತ ಮಾತ್ರ."

ಕಾಗದ ಬಿಚ್ಚಿದ ಸದ್ದು. ಆಮೇಲೆ ಅಣ್ಣನ ದನಿ ಕೆಳಗಿನಿಂದ ಬಂತು. ಅಣ್ಣನೂ ನೆಲದ ಮೇಲೆ, ಬಾಗಿಲ ಆ ಬದಿಗೆ ಕೂತಿದ್ದಿರಬೇಕು. "ಸಹಿ ಎಲ್ಲಿ ಹಾಕ್ಬೇಕು? ಕನ್ನಡಕ ಒಳಗಿದೆ."

"ಕೊನೇ ಗೆರೆ ಮೇಲೆ. ಹಾಕ್ತೀಯಾ?"

"ಸಾಕಾಗಿಹೋಯ್ತು ಕಣೋ. ಮೆಟ್ಟಿಲ ಮೇಲೆ ಸದ್ದಾದ್ರೆ ರೇಡಿಯೋ ಆರಿಸಿ ಉಸಿರು ಬಿಗಿ ಹಿಡಿದು ಕೂರೋಕೆ ನನಗೆ ಇನ್ನು ಆಗಲ್ಲ. ಅವಳಿಗೆ ಅದೊಂದು ಆಟ ಆಗಿದೆ."

ಅವಳಿಗೆ ಎಂದದ್ದು ಅವನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅಷ್ಟರಲ್ಲಿ ಸಂದಿನಿಂದ ಸಹಿಯಾದ ಚೀಟಿ ಹೊರಗೆ ಬಂತು. ಅದನ್ನು ತಳ್ಳುತ್ತಿದ್ದ ಬೆರಳುಗಳು ಗಿಡ್ಡಕ್ಕೆ, ದಪ್ಪಕ್ಕೆ ಇದ್ದವು, ಉಗುರು ಬುಡದವರೆಗೆ ಕಚ್ಚಿಹೋಗಿತ್ತು. ಚೀಟಿ ಪೂರ್ತಿ ಹೊರಬಂದ ಮೇಲೂ ಬೆರಳುಗಳು ಒಳಗೆ ಹೋಗಲಿಲ್ಲ. ಈ ಕಡೆಯ ನೆಲವನ್ನು ಸವರುತ್ತಾ, ಇನ್ನೇನಾದರೂ ಇದೆಯೇ ಎಂದು ಹುಡುಕುತ್ತಾ ಅಲ್ಲೇ ಆಡುತ್ತಿದ್ದವು. ರಿಜಿಸ್ಟರಿನ ಅಂಕಿಗಳು ಅವನ ಕಣ್ಣ ಮುಂದೆ ಸಾಲಾಗಿ ನಿಂತವು. ಎರಡು ಜನದ ನೀರು. ಓದಿದ್ದ, ಅರ್ಥವಾಗಿರಲಿಲ್ಲ. ತೋರುಬೆರಳನ್ನು ಆ ಬೆರಳುಗಳ ತುದಿಗೆ ತಾಗಿಸಿದ. ಅವು ಗಕ್ಕನೆ ನಿಂತವು, ಆಮೇಲೆ ಅವನ ಬೆರಳನ್ನು ಹಿಡಿದುಕೊಂಡವು. ಒಳಗೆ ಯಾರೋ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕಿಸಕ್ಕೆಂದ ಸದ್ದು.

"ಬೇಬಿ, ಒಳಗೆ ಹೋಗು" ಎಂದ ಅಣ್ಣ.

"ಅಣ್ಣ!" ಎಂದ. "ಇಲ್ಲೇ ಇದ್ದಾಳಾ? ಮೊದಲಿಂದ ಇಲ್ಲೇ ಇದ್ಲಾ?"

"ಇನ್ನೆಲ್ಲಿಗೆ ಕಳಿಸ್ಲಿ? ನೀನು ಬರೋದು ನಿಲ್ಲಿಸೋಕೆ ಒಂದು ಸುಳ್ಳು ಹೇಳಿದೆ, ಅಷ್ಟೇ."

"ಸಹಿ ಬೇಡ. ನನಗೆ ಬೇಡ. ನೋಟಿಸು ವಾಪಸು ಕೊಟ್ಟುಬಿಡು."

"ಸಿಕ್ತಲ್ಲ ನಿನಗೆ ಬೇಕಾದ್ದು. ಹೋಗು. ಇನ್ನೂ ಇಲ್ಲೇ ಕೂತಿದ್ರೆ ಅವಳು ಬಾಗಿಲ ಹತ್ರ ನಿಂತ್ಕೊಳ್ತಾಳೆ." ಆಮೇಲೆ ಇನ್ನೂ ತಗ್ಗಿದ ದನಿಯಲ್ಲಿ, "ಒಂದೊಂದೇ ಬೆರಳು ಬಿಡಿಸ್ಕೋ. ಎಳೀಬೇಡ, ಉಗುರಿನ ಹತ್ರ ಗಾಯ ಇದೆ" ಎಂದ.

ಮನೆಗೆ ಬಂದು ಹೆಂಡತಿಗೆ ಹೇಳಿದ. ಆಕೆ ಬಟ್ಟೆ ಮಡಚುತ್ತಿದ್ದಳು. ಎಲ್ಲ ಕೇಳಿ, ಒಂದು ಅಂಗಿಯನ್ನು ಬಿಚ್ಚಿ ಮತ್ತೆ ಮಡಚಿ, "ಅರ್ಜಿ ನಿಮ್ಮದು ತಾನೇ? ಹಿಂದಕ್ಕೆ ತಗೊಳ್ಳಿ" ಎಂದಳು. ಎಷ್ಟು ಸುಲಭ ಅನ್ನಿಸಿತು. ಆ ರಾತ್ರಿ ಸುಖವಾಗಿ ನಿದ್ದೆ ಮಾಡಿದ. ಇನ್ನು ಮೇಲೆ ಹೋಗುವುದಿಲ್ಲ, ಅಥವಾ ಹೋದರೆ ದಿನಾ ಹೋಗುತ್ತೇನೆ, ಕೆಲಸ ಮುಗಿಸಿ ಅದೇ ದಾರಿಯಲ್ಲಿ ಬಂದರಾಯಿತು, ನಾಲ್ಕು ಮಹಡಿ ಏನು ಮಹಾ ಎಂದೆಲ್ಲ ಯೋಚಿಸಿ, ಮುಂದಿನದು ಒಳ್ಳೆಯದೇ ಆಗುತ್ತದೆಂಬ ನಂಬಿಕೆಯಲ್ಲಿ ಬೆಳಿಗ್ಗೆ ಕೌಂಟರಿನ ಮುಂದೆ ನಿಂತ.

"ಹಿಂದಕ್ಕೆ ತಗೋಬೇಕಾ?" ಕೌಂಟರಿನ ಹೆಂಗಸು ಫೈಲು ತೆಗೆದಳು. ಅವನು ಕೊಟ್ಟಾಗ ಮೂರೇ ಹಾಳೆಯಿದ್ದದ್ದು ಈಗ ಬೆರಳು ದಪ್ಪಕ್ಕೆ ಬೆಳೆದಿತ್ತು. "ಆಗಲ್ಲ. ಬುದ್ಧಿ ಬೆಳೆಯದ ಹೆಣ್ಣುಮಗಳು ಕಾಣೆ ಅಂತ ನೀವೇ ಬರೆದಿದ್ದೀರಿ. ಅಂಥ ಅರ್ಜಿ ಬಂದ ದಿನವೇ ಒಂದು ಪ್ರತಿ ಕಲ್ಯಾಣ ಇಲಾಖೆಗೆ ಹೋಗುತ್ತೆ. ಅವರು ಬಂದು ಅವಳನ್ನ ನೋಡಲೇಬೇಕು. ಇನ್ನು ನೀವು ಇದ್ರೂ ಒಂದೇ, ಇಲ್ದಿದ್ರೂ ಒಂದೇ."

"ಕಾಣೆಯಾಗಿಲ್ಲ ಮೇಡಂ. ಅಣ್ಣನ ಮನೇಲೇ ಇದ್ದಾಳೆ."

"ಅದನ್ನ ವಿಚಾರಣೆ ದಿನ ಹೇಳಿ. ನೋಟಿಸು ಮುಟ್ಟಿತಾ?"

ಚೀಟಿ ಚೀಲದಲ್ಲಿತ್ತು. "ಇಲ್ಲ. ಬಾಗಿಲು ಹಾಕಿತ್ತು" ಎಂದ.

"ಸರಿ, ಹಾಗಾದ್ರೆ ಪೊಲೀಸರ ಕೈಲಿ ಕಳಿಸ್ತೀವಿ. ಅವರು ಬಾಗಿಲು ತೆಗೆಸ್ತಾರೆ" ಎಂದು ಆಕೆ ಬೇರೊಂದು ಬಣ್ಣದ ಫಾರಂ ಎಳೆದುಕೊಂಡಳು. ನಾಲ್ಕನೆಯ ಮಹಡಿ, ಬೂಟಿನ ಸದ್ದು, ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕೂತ ಬೇಬಿ. ಅವನು ಚೀಲದಿಂದ ಚೀಟಿ ತೆಗೆದು ಗಾಜಿನ ಕೆಳಗೆ ಸರಿಸಿದ. ಆಕೆ ಸಹಿ ನೋಡಿದಳು, ಅವನ ಮುಖ ನೋಡಿದಳು, ಏನೂ ಕೇಳದೆ ಮೊಹರು ಒತ್ತಿದಳು. "ವಕೀಲರಿಲ್ಲದಿದ್ರೂ ಮಾಡಿಬಿಟ್ರಲ್ಲ" ಎಂದಳು. ಇಷ್ಟು ದಿನದಲ್ಲಿ ಆಕೆ ಆಡಿದ ಒಂದೇ ಒಳ್ಳೆಯ ಮಾತು ಅದು.

ಗೊತ್ತುಮಾಡಿದ ದಿನ ಅಣ್ಣ ಕೋರ್ಟಿಗೆ ಬಂದ. ಎರಡು ವರ್ಷದಲ್ಲಿ ಇಷ್ಟು ಕುಗ್ಗಿದ್ದಾನೆಂದು ಬಾಗಿಲ ಆಚೆಯ ದನಿ ಹೇಳಿರಲಿಲ್ಲ. ಗಡ್ಡ ಹೆರೆದುಕೊಂಡಿದ್ದ, ಗದ್ದದ ಕೆಳಗೆ ಒಂದು ಕಡೆ ಬಿಟ್ಟುಹೋಗಿತ್ತು. ಹಿಂದೆ ಬೇಬಿ, ಒಗೆದ ಅಂಗಿಯಲ್ಲಿ, ನೆತ್ತಿಯ ಮಧ್ಯಕ್ಕೆ ನೇರ ಬೈತಲೆ ತೆಗೆದು ಬಾಚಿದ ಬಿಳಿಗೂದಲಿನಲ್ಲಿ. ಅಷ್ಟು ನೇರ ಬೈತಲೆ ತೆಗೆಯಲು ಎಷ್ಟು ಹೊತ್ತು ಅವಳನ್ನು ಅಲುಗಾಡದಂತೆ ಕೂರಿಸಿರಬೇಕು. ಅವನನ್ನು ಕಂಡ ಕೂಡಲೇ ಅವಳು ಕಾರಿಡಾರಿನ ಜನರನ್ನೆಲ್ಲ ಸರಿಸಿಕೊಂಡು ಓಡಿಬಂದು ತೋಳು ಹಿಡಿದಳು. ಕೂರಲು ಬೇರೆ ಜಾಗವಿಲ್ಲದೆ ಮೂವರೂ ಒಂದೇ ಬೆಂಚಿನ ಮೇಲೆ ಕೂತರು, ನಡುವೆ ಬೇಬಿ. ದಾರಿಯಲ್ಲಿ ಹೋಗುವವರು ನೋಡಿದರೆ ಒಂದು ಮನೆಯವರು ಎಲ್ಲಿಗೋ ಹೊರಟಿದ್ದಾರೆ ಅನ್ನಬೇಕು. ಅವನು "ಅಣ್ಣ" ಎಂದ. ಅಣ್ಣ "ಮೂರು ದಿನದಿಂದ ಹೇಳಿಕೊಟ್ಟಿದ್ದೀನಿ" ಎಂದ, ಅವನಿಗಲ್ಲ, ಎದುರಿನ ಗೋಡೆಗೆ. "ಹೆಸರು ಕೇಳಿದ್ರೆ ಹೆಸರು, ಎಲ್ಲಿರ್ತೀಯ ಅಂದ್ರೆ ಅಣ್ಣನ ಮನೇಲಿ. ಮನೇಲಿ ಚೆನ್ನಾಗಿ ಹೇಳ್ತಾಳೆ."

ಕಲ್ಯಾಣ ಇಲಾಖೆಯ ಹೆಂಗಸು ಬಂದಳು. ಒಳ್ಳೆಯ ಮುಖದ, ದಣಿದ ಹೆಂಗಸು. ಬೇಬಿಯ ಎದುರು ಮೊಣಕಾಲೂರಿ ಕೂತು ನಕ್ಕು, ಕೈ ಹಿಡಿದು ಎಬ್ಬಿಸಿದಳು. ಅಣ್ಣನೂ ಎದ್ದ. "ನೀವು ಬರೋ ಹಾಗಿಲ್ಲ, ಅವರನ್ನ ಒಬ್ಬರನ್ನೇ ಕೇಳ್ಬೇಕು" ಎಂದಳು. ಅಣ್ಣ ಕೂತ. ಎದುರಿನ ಕೋಣೆಯ ಬಾಗಿಲು ಮುಚ್ಚಿತು. ಬೆಂಚಿನ ಮೇಲೆ ಬೇಬಿ ಕೂತಿದ್ದ ಜಾಗ ಹಾಗೆಯೇ ಉಳಿಯಿತು, ಇಬ್ಬರಲ್ಲಿ ಒಬ್ಬರೂ ಸರಿಯಲಿಲ್ಲ.

"ಬಾಯಾರಿದ್ರೆ ಹೇಳೋಕೆ ಬರಲ್ಲ ಅವಳಿಗೆ" ಎಂದ ಅಣ್ಣ. "ತುಟಿ ನೆಕ್ಕೊಳ್ತಾಳೆ, ನೋಡ್ಕೋಬೇಕು."

ಕೋಣೆಯ ಬಾಗಿಲ ಮೇಲಿನ ಗಾಳಿಕಿಂಡಿ ತೆರೆದಿತ್ತು. ಮಾತು ನಿಚ್ಚಳವಾಗಿ ಬರುತ್ತಿತ್ತು.

"ನಿಮ್ಮನೇಲಿ ಯಾರು ಯಾರು ಇದ್ದಾರಮ್ಮ?"

"ಚಿಕ್ಕಣ್ಣ!" ಬೇಬಿಯ ದನಿ ಖುಷಿಯಲ್ಲಿ ಕಾರಿಡಾರಿನ ತುದಿಯವರೆಗೂ ಹೋಯಿತು. ಚಿಕ್ಕಣ್ಣ ಎಂದರೆ ಅವನು.

"ಊಟ ಯಾರು ಹಾಕ್ತಾರೆ?"

"ಚಿಕ್ಕಣ್ಣ."

"ತಲೆ ಎಷ್ಟು ಚೆನ್ನಾಗಿ ಬಾಚಿದ್ದಾರೆ! ಯಾರು ಬಾಚಿದ್ದು?"

"ಚಿಕ್ಕಣ್ಣ, ಚಿಕ್ಕಣ್ಣ."

"ಮತ್ತೆ ದೊಡ್ಡಣ್ಣ? ಹೊರಗೆ ಕೂತಿದ್ದಾರಲ್ಲ, ಅವರು ಏನು ಮಾಡ್ತಾರೆ?"

ಯೋಚಿಸಿ, ತಾನು ಬಲ್ಲ ಸಂಗತಿಯೊಂದನ್ನು ನೆನಪು ಮಾಡಿಕೊಂಡ ಹೆಮ್ಮೆಯಲ್ಲಿ ಬೇಬಿ ಹೇಳಿದಳು: "ಶ್ ಶ್. ಬಾಯಿ ಮುಚ್ಕೋ. ಸದ್ದು ಮಾಡಬೇಡ."

ಒಳಗೆ ಪೆನ್ನು ಕಾಗದದ ಮೇಲೆ ಸರಿದ ಸದ್ದು. ಅಣ್ಣ ಕಿಂಡಿಯನ್ನೇ ನೋಡುತ್ತಿದ್ದ. ಮುಖದಲ್ಲಿ ಸಿಟ್ಟಿರಲಿಲ್ಲ. "ನಿನ್ನನ್ನ ನೋಡಿದ್ದಾಳಲ್ಲ, ಅದಕ್ಕೆ" ಎಂದ, ರೋಗಿಯ ಮನೆಯವರಿಗೆ ಔಷಧಿಯ ಗುಣ ಹೇಳುವ ಹಳೆಯ ಕಂಪೌಂಡರನ ದನಿಯಲ್ಲಿ. "ಇನ್ನು ಎರಡು ದಿನ ಅವಳ ಬಾಯಲ್ಲಿ ಬೇರೆ ಹೆಸರು ಬರಲ್ಲ."

ಅವನು ಎದ್ದ. ಅದು ಹಾಗಲ್ಲ, ಅವಳು ಹೇಳುತ್ತಿರುವ ಊಟ ನನ್ನದಲ್ಲ, ಆ ಬೈತಲೆ ನನ್ನದಲ್ಲ ಎಂದು ಹೇಳಬೇಕಿತ್ತು. ಒಂದು ಮಾತು, ಅವರು ಬರೆದು ಮುಗಿಸುವ ಮೊದಲು. ಬಾಗಿಲಿಗೆ ಕೈ ಎತ್ತಿದ. ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಜವಾನ ಎದ್ದು ನಡುವೆ ನಿಂತ. "ಒಳಗೆ ಹೇಳಿಕೆ ತಗೊಳ್ತಾ ಇದ್ದಾರೆ. ನೀವು ಯಾರು?"

"ನಾನು..." ಎಂದ. "ನಾನು ಅರ್ಜಿದಾರ."

"ಕರೀತಾರೆ. ಕೂತ್ಕೊಳ್ಳಿ."

ಬೆಂಚಿಗೆ ಹಿಂತಿರುಗಿದ. ಒಳಗಿನಿಂದ, ನಾಳೆಯಿಂದ ಹೊಸ ಮನೇಲಿ ಇರ್ತೀಯಾ, ಅಲ್ಲಿ ತುಂಬಾ ಜನ ಅಕ್ಕಂದಿರಿದ್ದಾರೆ ಎಂದು ಆ ಒಳ್ಳೆಯ ಹೆಂಗಸು ಮೆಲ್ಲಗೆ ಕೇಳುತ್ತಿದ್ದದ್ದು ಇಬ್ಬರಿಗೂ ಕೇಳಿಸಿತು. "ಚಿಕ್ಕಣ್ಣ ಬರ್ತಾನಾ?" ಎಂದಳು ಬೇಬಿ. ಬರ್ತಾರೆ, ಬರ್ತಾರೆ ಎಂದಳು ಆಕೆ. ಅಣ್ಣ ಬಗ್ಗಿ, ಬೇಬಿ ಬೆಂಚಿನ ಕೆಳಗೆ ಬಿಟ್ಟುಹೋಗಿದ್ದ ಬಟ್ಟೆಯ ಚೀಲವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡ, ಅದರೊಳಗಿನಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ಸಡಿಲ ಮಾಡಿ, ಬಾಗಿಲು ತೆರೆಯುವುದನ್ನು ಕಾಯುತ್ತಾ ಕೈಯಲ್ಲಿ ಹಿಡಿದು ಕೂತ.